ಮಹಾಗ್ರಂಥಾಲಯದ ಮೇಲೆ ನಾನು ಅಂಟಿಸಿದ ಚೀಟಿ

ಇದನ್ನು ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಎರಡು ವರ್ಷವಾಯಿತು. ವಾಚನಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ನನ್ನ ರೂಮಿಗೆ ಬಂದು, "ಅಣ್ಣಾ, ನಿಮ್ಮ ಕಾಲದ ಅನುಭವ ಒಂದಿಷ್ಟು ಬರೆದುಕೊಡ್ರಿ, ನಮಗೆ ಉಪಯೋಗ ಆಗ್ತೈತೆ" ಎಂದು ಕೇಳಿದ್ದರು. ಆಗಲಿ ಎಂದೆ. ಆಮೇಲೆ ಕಣ್ಣಿನ ಪೊರೆ ಎಂದೆ, ಬೇಸಿಗೆ ಎಂದೆ, ಒಳ್ಳೆಯ ಪೆನ್ನು ಸಿಕ್ಕಿಲ್ಲ ಎಂದೂ ಒಮ್ಮೆ ಹೇಳಿಕಳಿಸಿದೆ. ಬರೆಯಲು ಕುಳಿತರೆ ಒಂದು ಸಂಗತಿಯ ಮುಂದೆ ಬಂದು ನಿಲ್ಲಲೇಬೇಕು ಎಂದು ನನಗೆ ಗೊತ್ತಿತ್ತು. ಅದನ್ನು ಹೇಳದೆ ಉಳಿದದ್ದನ್ನು ಮಾತ್ರ ಹೇಳಿದರೆ ಆ ಮಕ್ಕಳಿಗೆ ಮೋಸ ಮಾಡಿದಂತೆ. ಹೇಳಲು ಧೈರ್ಯವಿರಲಿಲ್ಲ. ಅದಕ್ಕೇ ಇಷ್ಟು ದಿನ ಹಿಡಿಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಒಂದು ಟ್ರಸ್ಟಿನವರು ನಮ್ಮ ಕಡೆಯ ಊರುಗಳಲ್ಲಿ ವಾಚನಾಲಯಗಳನ್ನು ನಡೆಸುತ್ತಿದ್ದರು. ಅದರಲ್ಲಿ ಕೆಲಸಕ್ಕೆ ಸೇರಿದೆ. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ಸುತ್ತಿ, ಕೊನೆಗೆ ಹಿರಿಯೂರಿಗೆ ಬಂದೆ. ಟ್ರಸ್ಟಿನ ಹೆಸರು ಬೇಡ. ಮಾಡಿದವನು ನಾನು.

ಹೊಳಲ್ಕೆರೆಯಲ್ಲಿ ನನ್ನ ಮೊದಲ ಮೇಲಧಿಕಾರಿ ಗುರುಸಿದ್ದಪ್ಪನವರು. ಮೊದಲ ದಿನವೇ ನಾನು ಕಪಾಟಿನಿಂದ ಒಂದು ಪುಸ್ತಕವನ್ನು ಅದರ ಬೆನ್ನಿನ ಮೇಲಂಚು ಹಿಡಿದು ಎಳೆದೆ. "ಲೇ ರುದ್ರಣ್ಣ, ಅದೇನು ಮೂಲಂಗೀನಾ ಹಂಗೆ ಕೀಳೋಕೆ?" ಎಂದು ಅಲ್ಲಿಂದಲೇ ಕೂಗಿದರು. ಎದ್ದು ಬಂದು ತೋರಿಸಿದರು. ಎಡಬಲದ ಪುಸ್ತಕಗಳನ್ನು ಬೆರಳಿನಿಂದ ಸ್ವಲ್ಪ ಒಳಕ್ಕೆ ತಳ್ಳಬೇಕು, ಆಗ ನಮಗೆ ಬೇಕಾದದ್ದು ತಾನೇ ಮುಂದೆ ಬಂದಂತೆ ಕಾಣುತ್ತದೆ, ಅದರ ನಡು ಹಿಡಿದು ತೆಗೆಯಬೇಕು. ನಿವೃತ್ತಿಯಾಗುವ ತನಕ ಹಾಗೆಯೇ ತೆಗೆದೆ. ಈಗಲೂ ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ಹಾಗೆಯೇ ತೆಗೆಯುತ್ತೇನೆ.

ಹೊಸದುರ್ಗದಲ್ಲಿ ಒಂದು ಎಡವಟ್ಟು ಮಾಡಿದೆ. ಹೊಸದಾಗಿ ಬಂದ ಪುಸ್ತಕವೊಂದರ ಹೆಸರಿನಲ್ಲಿ ಎರೆಮಣ್ಣು ಎಂಬ ಮಾತಿತ್ತು. ಒಳಗೆ ತೆರೆದು ನೋಡದೆ ಕೃಷಿ ವಿಭಾಗಕ್ಕೆ ಹಾಕಿದೆ. ಈರುಳ್ಳಿ ಬೆಳೆಯುವ ಒಬ್ಬ ಯಜಮಾನರು ಅದನ್ನು ಒಯ್ದರು. ವಾರ ಬಿಟ್ಟು ತಂದು ಮೇಜಿನ ಮೇಲಿಟ್ಟು, "ಪೂರ್ತಿ ಓದಿದೆ ಕಣಪ್ಪ. ಬೆಳೆ ಬಗ್ಗೆ ಒಂದಕ್ಷರ ಇಲ್ಲ. ಎಲ್ಲಾ ಪದ್ಯ. ಆದ್ರೂ ಇಂಥದ್ದು ಇನ್ನೊಂದಿದ್ರೆ ಕೊಡು" ಎಂದರು. ನನ್ನ ತಪ್ಪುಗಳಲ್ಲಿ ಒಳ್ಳೆಯದಾದದ್ದು ಅದೊಂದೇ.

ಚಿತ್ರದುರ್ಗದಲ್ಲಿದ್ದಾಗ ಪುಸ್ತಕಗಳ ವಿವರ ಬರೆದಿಡುವ ಕಾರ್ಡುಗಳು ಹೋಗಿ ಕಂಪ್ಯೂಟರ್ ಬಂತು. ಕಾರ್ಡಿನ ಡ್ರಾಯರುಗಳಿದ್ದಾಗ ಓದುಗರು ನನ್ನ ಪಕ್ಕದಲ್ಲೇ ನಿಂತು ಹುಡುಕುತ್ತಿದ್ದರು. ಹುಡುಕುವಾಗ ಮಗಳ ಮದುವೆ, ಬೋರಿನ ನೀರು, ಮಂಡಿ ನೋವು ಎಲ್ಲ ಮಾತಿಗೆ ಬರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಅವರು ಎದುರು ನಿಂತು ಹೆಸರು ಹೇಳುತ್ತಿದ್ದರು, ನಾನು ಇದೆ ಅಥವಾ ಇಲ್ಲ ಎನ್ನುತ್ತಿದ್ದೆ. ನಾನು ಮದುವೆಯಾಗಲಿಲ್ಲ. ಬಾಡಿಗೆ ರೂಮು, ಮೆಸ್ಸಿನ ಊಟ. ದಿನವೊಂದಕ್ಕೆ ನಾನು ಆಡುತ್ತಿದ್ದ ಮಾತುಗಳಲ್ಲಿ ಹೆಚ್ಚಿನವು "ಸದ್ದು ಮಾಡಬೇಡಿ" ಎಂಬವೇ ಆಗಿದ್ದವು. ಸದ್ದು ಮಾಡುವವರು ಯಾರೂ ಇಲ್ಲದ ದಿನ ಅದನ್ನೂ ಹೇಳುವಂತಿರಲಿಲ್ಲ.

ಹಿರಿಯೂರಿನ ವಾಚನಾಲಯಕ್ಕೆ ಯಾರೋ ತಮ್ಮ ಮನೆ ಖಾಲಿ ಮಾಡುವಾಗ ಒಂದು ರಟ್ಟಿನ ಡಬ್ಬ ಪುಸ್ತಕ ಕೊಟ್ಟುಹೋಗಿದ್ದರು. ಅದರಲ್ಲಿ ರೆಕ್ಕೆಯ ಹಾವಿನಂಥ ಪ್ರಾಣಿಯ ಚಿತ್ರವಿದ್ದ ದಪ್ಪ ಇಂಗ್ಲಿಷ್ ಪುಸ್ತಕವೊಂದಿತ್ತು. ಓದಿದರೆ ಕತೆಯಲ್ಲ, ಲೆಕ್ಕದ ಪುಸ್ತಕವೂ ಅಲ್ಲ. ಎಲ್ಲಿಡಬೇಕೆಂದು ತಿಳಿಯದೆ ಮಕ್ಕಳ ಕಪಾಟಿನಲ್ಲಿಟ್ಟೆ. ಆದಿವಾಲದ ಅಂಗನವಾಡಿ ಟೀಚರ್ ತಮ್ಮ ಮಕ್ಕಳಿಗೆ ತೋರಿಸಲು ಚಿತ್ರದ ಪುಸ್ತಕ ಹುಡುಕುವಾಗ ಅದು ಅವರ ಕೈಗೆ ಸಿಕ್ಕಿತು.

ಅವರಿಗೆ ಆಗ ನಲವತ್ತು ದಾಟಿತ್ತು. ಪಿಯುಸಿ ಓದಿದ್ದರು. ಕುರಿ ಸಾಕುವ ಮನೆತನ. ಪ್ರತಿ ಭಾನುವಾರ ಬಸ್ಸಿಳಿದು ಬಂದು, ಒಂದು ಕೈಯಲ್ಲಿ ನಿಘಂಟು ಇಟ್ಟುಕೊಂಡು ಆ ಪುಸ್ತಕವನ್ನು ಬಿಡಿಸಿದರು. ಒಂದು ವರ್ಷವೇ ಹಿಡಿಯಿತು. ಕೊನೆಗೆ ಒಂದು ದಿನ ನನ್ನ ಮೇಜಿಗೆ ಬಂದು ಹೇಳಿದರು:

"ಅಣ್ಣಾ, ಇದು ಆಟದ ಪುಸ್ತಕ. ನಾಲ್ಕು ಜನ ಕುಂತ್ಕಂಡು ಒಂದು ಕತೆ ಕಟ್ಟೋದು. ಒಬ್ರು ಕತೆ ನಡೆಸ್ತಾರೆ, ಉಳಿದೋರು ಅದರೊಳಗೆ ಒಂದೊಂದು ಪಾತ್ರ ಆಗ್ತಾರೆ. ನೀನೀಗ ಬಾಗಿಲ ಮುಂದೆ ಇದೀಯ, ಏನ್ ಮಾಡ್ತೀಯ ಅಂತ ಕೇಳ್ತಾರೆ. ಮಾಡಿದ್ದು ಫಲಿಸ್ತೋ ಇಲ್ವೋ ಅನ್ನೋದನ್ನ ದಾಳ ಹೇಳ್ತೈತೆ."

"ಗೆಲ್ಲೋದು ಯಾರು?" ಎಂದೆ.

"ಯಾರೂ ಗೆಲ್ಲಲ್ಲ ಅಣ್ಣಾ. ಕತೆ ಮುಂದಕ್ಕೆ ಹೋಗ್ತೈತೆ ಅಷ್ಟೆ."

ಇಬ್ಬರು ಜೊತೆಗಾರರನ್ನು ಅವರೇ ಹಿಡಿದರು. ಒಬ್ಬ ಶ್ರೀರಾಂಪುರದ ನಿಂಗರಾಜ, ಬಸ್ ಕಂಡಕ್ಟರ್, ಭಾನುವಾರ ನಮ್ಮಲ್ಲಿ ಪೇಪರ್ ಓದಲು ಬರುತ್ತಿದ್ದವನು. ಇನ್ನೊಬ್ಬರು ಗಡಿಯಾರ ರಿಪೇರಿ ಮಾಡುವ ಬಾಷಾ ಸಾಹೇಬರು. ಆ ಆಟಕ್ಕೆ ಇಪ್ಪತ್ತು ಮುಖದ ದಾಳ ಬೇಕಂತೆ. ಹಿರಿಯೂರಿನಲ್ಲಿ ಎಲ್ಲಿ ಸಿಗಬೇಕು? ಬಾಷಾ ಸಾಹೇಬರು ಇಪ್ಪತ್ತು ಹುಣಸೆಬೀಜ ತೆಗೆದುಕೊಂಡು, ಗಡಿಯಾರ ಬಿಚ್ಚುವ ಸೂಜಿಯಿಂದ ಒಂದೊಂದರ ಮೇಲೆ ಒಂದೊಂದು ಸಂಖ್ಯೆ ಕೊರೆದು, ಹಳೆಯ ತಗಡಿನ ಡಬ್ಬಿಗೆ ಹಾಕಿಕೊಟ್ಟರು. ಕುಲುಕಿ ಒಂದು ಬೀಜ ತೆಗೆದರೆ ದಾಳ ಉರುಳಿಸಿದಂತೆ.

ಆ ಇಂಗ್ಲಿಷ್ ಪುಸ್ತಕದಲ್ಲಿದ್ದದ್ದು ಆಟದ ನಿಯಮ ಮಾತ್ರ. ಆಟ ನಡೆಯುವ ಊರು, ಕೋಟೆ, ಕಾಡುಗಳಿಗೆ ಬೇರೆ ಬೇರೆ ಜೊತೆಪುಸ್ತಕಗಳಿದ್ದವು. ಅವುಗಳ ಪಟ್ಟಿ ಕೊನೆಯ ಹಾಳೆಯಲ್ಲಿತ್ತು. ಒಂದು ಜೊತೆಪುಸ್ತಕ ಪೂರ್ತಿಯಾಗಿ ಒಂದು ಮಹಾಗ್ರಂಥಾಲಯದ ಮೇಲೆ, ಅದರ ಬಗ್ಗೆ ಎರಡೇ ಸಾಲು ವಿವರಣೆ. ಟೀಚರಿಗೆ ಅದರ ಮೇಲೆ ಆಸೆಯಾಯಿತು. ತರಿಸಲು ನೋಡಿದೆವು, ಅದು ಅಚ್ಚಾಗುವುದೇ ನಿಂತುಹೋಗಿತ್ತು. "ಹೋಗ್ಲಿ ಬಿಡ್ರಿ, ನಾನೇ ಬರೀತೀನಿ" ಎಂದರು.

ಬರೆದರು. ನಾಲ್ಕು ವರ್ಷ, ನಾಲ್ಕು ಲಾಂಗ್ ನೋಟ್‌ಬುಕ್ಕು. ಬಂಡೆ ಬೆಟ್ಟದ ಹೊಟ್ಟೆಯೊಳಗೆ ಒಂದು ಗ್ರಂಥಾಲಯ. ಅದರ ಕೋಣೆಗಳ ನಕ್ಷೆ, ಬಾಗಿಲುಗಳ ಗುಟ್ಟು, ಅಲ್ಲಿ ವಾಸ ಮಾಡುವ ಜನ. ಅಲ್ಲಿ ಪುಸ್ತಕ ಎರವಲು ಬೇಕಾದರೆ ಓದುಗ ತನ್ನದೊಂದು ನೆನಪನ್ನು ಠೇವಣಿ ಇಡಬೇಕು, ಪುಸ್ತಕ ಹಿಂತಿರುಗಿಸಿದಾಗ ನೆನಪು ವಾಪಸು ಸಿಗುತ್ತದೆ. ಅಲ್ಲಿ ಯಾವ ಪುಸ್ತಕಕ್ಕೂ ನಂಬರಿಲ್ಲ. ಕುರಿಯ ಕಿವಿಗೆ ಗುರುತು ಕತ್ತರಿಸುವಂತೆ ಪುಟದ ತುದಿಗೆ ಒಂದೊಂದು ಬಗೆಯ ಗುರುತು.

"ನಂಬರಿಲ್ದೆ ಹೆಂಗೆ ಟೀಚರ್? ಕಳೆದ್ರೆ ತಿಳಿಯೋದು ಹೆಂಗೆ?" ಎಂದು ನಾನು ಕೇಳಿದ್ದೆ.

"ನಮ್ಮಪ್ಪ ಕುರಿ ಎಣಿಸ್ತಿರಲಿಲ್ಲ ಅಣ್ಣಾ. ಸಂಜೆ ರೊಪ್ಪಕ್ಕೆ ಬರುವಾಗ ಮುಖ ನೋಡ್ತಿದ್ದ. ಯಾವುದು ಬಂದಿಲ್ಲ ಅಂತ ಅವನಿಗೆ ಗೊತ್ತಾಗ್ತಿತ್ತು. ನಿಮ್ಮ ನಂಬರಿಂದ ಎಷ್ಟು ಬಂದಿಲ್ಲ ಅಂತ ಗೊತ್ತಾಗ್ತೈತೆ, ಯಾವುದು ಅಂತ ಗೊತ್ತಾಗಲ್ಲ."

ನಾನು ನಕ್ಕುಬಿಟ್ಟೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆಯ ನಂತರ ಪೇಪರ್ ಓದುವವರೂ ಎದ್ದುಹೋಗುತ್ತಿದ್ದರು. ಆಗ ಹಿಂದಿನ ಮೇಜಿನಲ್ಲಿ ಆಟ ಶುರು. ಟೀಚರ್ ದನಿ ತಗ್ಗಿಸಿ ಹೇಳುತ್ತಿದ್ದರು: "ನೀವು ಏಳನೇ ಬಾಗಿಲ ಮುಂದೆ ನಿಂತಿದ್ದೀರಿ. ಒಳಗಿಂದ ಯಾರೋ ಪುಟ ತಿರುವೋ ಸದ್ದು ಬರ್ತೈತೆ. ಬಾಗಿಲಿಗೆ ಚಿಲಕ ಇಲ್ಲ. ಏನ್ ಮಾಡ್ತೀರಿ?"

"ಒಳಗಿರೋನಿಗೆ ಟಿಕೆಟ್ ತೋರ್ಸು ಅಂತೀನಿ" ಎನ್ನುತ್ತಿದ್ದ ನಿಂಗರಾಜ.

"ಅರೆ, ಅಲ್ಲೂ ಟಿಕೆಟ್ಟಾ? ಇದು ನಿನ್ನ ಬಸ್ಸಲ್ಲಪ್ಪ. ಸುಮ್ನೆ ಬೀಜ ತೆಗಿ" ಎಂದು ಬಾಷಾ ಸಾಹೇಬರು ಡಬ್ಬಿ ಕುಲುಕುತ್ತಿದ್ದರು.

ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ನಾನು ನನ್ನ ಮೇಜಿನಲ್ಲಿ ಕುಳಿತು ಹಾಳೆ ತಿರುವುವಂತೆ ಮಾಡುತ್ತ ಕೇಳುತ್ತಿದ್ದೆ. "ಬರ್ರಿ ಅಣ್ಣಾ, ನಾಲ್ಕನೇ ಜಾಗ ಖಾಲಿ ಐತೆ, ಕುಂತ್ಕಳ್ರಿ" ಎಂದು ಟೀಚರ್ ಎಷ್ಟೋ ಸಲ ಕರೆದರು. ಡ್ಯೂಟಿಯಲ್ಲಿದ್ದೇನೆ ಎನ್ನುತ್ತಿದ್ದೆ. ಹೋಗಿ ಕುಳಿತರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಕುಳಿತು ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಆದರೂ ಸೋಮವಾರದ ರಜೆಯಲ್ಲಿ ರೂಮಿನಲ್ಲಿ ಬಿದ್ದುಕೊಂಡು, ಏಳನೇ ಬಾಗಿಲನ್ನು ಹೇಗೆ ತೆರೆಯಬಹುದೆಂದು ಯೋಚಿಸುತ್ತಿದ್ದೆ.

ತಾವು ಬರೆದ ಪುಸ್ತಕವನ್ನು ಟೀಚರ್ ಮನೆಗೆ ಒಯ್ಯುತ್ತಿರಲಿಲ್ಲ. ಮನೆಯಲ್ಲಿ ಒಲೆ ಉರಿಗೆ ಹಾಕಿಬಿಡುತ್ತಾರೆ ಎನ್ನುತ್ತಿದ್ದರು. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಇಡುತ್ತಿದ್ದರು. ನೋಟ್‌ಬುಕ್ಕುಗಳ ಹಾಳೆ ಕಿತ್ತು ಬರತೊಡಗಿದಾಗ ನಾನೇ ಒಂದು ಉಪಕಾರ ಮಾಡಿದೆ. ವಾಚನಾಲಯದ ಹಳೆಯ ಪುಸ್ತಕಗಳು ಬೈಂಡಿಂಗಿಗೆ ಹೋಗುವಾಗ ಇದನ್ನೂ ಸೇರಿಸಿ ಕಳಿಸಿದೆ. ನಾಲ್ಕೂ ಒಂದಾಗಿ, ನಮ್ಮ ಬೇರೆ ಪುಸ್ತಕಗಳಂತೆಯೇ ಕೆಂಪು ಕ್ಯಾಲಿಕೋ ಬಟ್ಟೆಯ ಹೊದಿಕೆಯಲ್ಲಿ ಬಂತು. ಟೀಚರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿ ನೋಡಿದರು. ಮೊದಲ ಪುಟದಲ್ಲಿ "ಮಹಾಗ್ರಂಥಾಲಯ" ಎಂದೂ ಅದರ ಕೆಳಗೆ ತಮ್ಮ ಹೆಸರನ್ನೂ ನಿಧಾನವಾಗಿ, ದುಂಡಗೆ ಬರೆದರು.

ಈಗ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ವಾಚನಾಲಯಕ್ಕೆ ಬಂದ ಪ್ರತಿ ಪುಸ್ತಕಕ್ಕೂ ಒಂದು ದಾಖಲೆ ಸಂಖ್ಯೆ ಉಂಟು. ರಿಜಿಸ್ಟರಿನಲ್ಲಿ ಒಂದು ಸಾಲು, ಪುಸ್ತಕದ ಬೆನ್ನಿನ ಮೇಲೆ ಅದೇ ಸಂಖ್ಯೆಯ ಚೀಟಿ. ಮೊದಲ ಪುಟಕ್ಕೆ ವಾಪಸಾತಿ ದಿನಾಂಕ ಬರೆಯುವ ಚೀಟಿ ಅಂಟಿಸುತ್ತೇವೆ. ಅದಲ್ಲದೆ ಒಂದು ಗುಟ್ಟಿನ ಪುಟ ಇರುತ್ತದೆ. ನಮ್ಮಲ್ಲಿ ಮೂವತ್ತೊಂದನೆಯ ಪುಟ. ಅಲ್ಲಿ ಮೊಹರು ಹಾಕಿರುತ್ತೇವೆ. ಬೆನ್ನಿನ ಚೀಟಿ ಕಿತ್ತುಹಾಕಿದರೂ ಆ ಮೊಹರಿನಿಂದ ಪುಸ್ತಕ ನಮ್ಮದೆಂದು ತಿಳಿಯುತ್ತದೆ. ವರ್ಷಕ್ಕೊಮ್ಮೆ ತಪಾಸಣೆಗೆ ಕೇಂದ್ರ ಕಚೇರಿಯಿಂದ ಸಾಹೇಬರು ಬರುತ್ತಾರೆ. ಒಬ್ಬರು ಬೆನ್ನಿನ ಸಂಖ್ಯೆ ಕೂಗುತ್ತಾರೆ, ಒಬ್ಬರು ರಿಜಿಸ್ಟರಿನಲ್ಲಿ ಗುರುತು ಹಾಕುತ್ತಾರೆ. ಅನುಮಾನ ಬಂದರೆ ಗುಟ್ಟಿನ ಪುಟ ತೆರೆಯುತ್ತಾರೆ. ಪುಸ್ತಕದ ಹೆಸರನ್ನು ಯಾರೂ ಓದುವುದಿಲ್ಲ. ಅಷ್ಟು ಹೊತ್ತಿರುವುದಿಲ್ಲ.

ಆ ವರ್ಷ ತಪಾಸಣೆಗೆ ಒಂದು ದಿನ ಮುಂಚೆ ನೋಡಿದರೆ ೪೧೨೭ ಇಲ್ಲ. ಅದೊಂದು ಹಳೆಯ ದಪ್ಪ ಕೃಷಿ ಕೈಪಿಡಿ, ಹೊರಗೆ ಕೊಡಬಾರದ ಪುಸ್ತಕ. ಪರಿಚಯದವರೊಬ್ಬರಿಗೆ ದಾಕ್ಷಿಣ್ಯಕ್ಕೆ ರಿಜಿಸ್ಟರಿನಲ್ಲಿ ಬರೆಯದೆ ಕೊಟ್ಟಿದ್ದೆ. ಅವರು ಊರು ಬಿಟ್ಟು ಹೋಗಿದ್ದರು. ಆಗಿನ ಸಾಹೇಬರು ತಪ್ಪು ಸಿಕ್ಕರೆ ಎಲ್ಲರ ಮುಂದೆ ನಿಲ್ಲಿಸಿ ಓದಿಹೇಳುವವರು. ಅಷ್ಟು ವರ್ಷ ನನ್ನ ಹೆಸರಿಗೆ ಒಂದೂ ನೋಟಿಸು ಬಂದಿರಲಿಲ್ಲ. ನನ್ನ ಹತ್ತಿರ ಹೇಳಿಕೊಳ್ಳಲು ಬೇರೇನೂ ಇರಲಿಲ್ಲ, ಅದೊಂದೇ ಇತ್ತು.

ಕಪಾಟಿನಿಂದ ಟೀಚರ ಪುಸ್ತಕ ತೆಗೆದೆ. ಅದೇ ದಪ್ಪ, ಅದೇ ಕೆಂಪು ಕ್ಯಾಲಿಕೋ. ಬೆನ್ನಿಗೆ ೪೧೨೭ರ ಚೀಟಿ ಅಂಟಿಸಿದೆ. ಮೂವತ್ತೊಂದನೆಯ ಪುಟ ಎಣಿಸಿ, ಒಂದು ಕೋಣೆಯ ನಕ್ಷೆಯ ಮೇಲೆ ಮೊಹರು ಒತ್ತಿದೆ. ಮೊದಲ ಪುಟದಲ್ಲಿ ಕೈಬರಹ ಕಂಡೀತೆಂದು ಪುಸ್ತಕದ ಹೆಸರು, ಬರೆದವರ ಹೆಸರು ಎರಡೂ ಮುಚ್ಚುವ ಹಾಗೆ ದಿನಾಂಕದ ಚೀಟಿ ಅಂಟಿಸಿದೆ. ಎರಡು ದಿನಕ್ಕೆ ಮಾತ್ರ ಎಂದುಕೊಂಡೆ.

ತಪಾಸಣೆ ಸಸೂತ್ರ ಮುಗಿಯಿತು. ಸಾಹೇಬರು, "ರುದ್ರಣ್ಣನ ವಾಚನಾಲಯ ಎಂದರೆ ನೋಡಬೇಕಾಗಿಯೇ ಇಲ್ಲ" ಎಂದು ಚಹಾ ಕುಡಿದು ಹೋದರು. ಚೀಟಿ ಬಿಡಿಸಲು ಹೋದರೆ ನಾನೇ ಕಾಯಿಸಿದ ಮೈದಾ ಅಂಟು ಗಟ್ಟಿಯಾಗಿ ಹಿಡಿದಿತ್ತು. ಎಳೆದರೆ ಅಕ್ಷರವೂ ಕಿತ್ತು ಬರುವಂತಿತ್ತು. ನಿಧಾನವಾಗಿ ನೀರು ಮುಟ್ಟಿಸಿ ತೆಗೆಯೋಣವೆಂದು ಕೃಷಿ ಕಪಾಟಿನಲ್ಲಿ, ಅದರ ಸಂಖ್ಯೆ ಇರಬೇಕಾದ ಕಡೆ ಇಟ್ಟೆ. ಆ ಎರಡು ಭಾನುವಾರ ಟೀಚರಿಗೆ ಪೋಲಿಯೋ ಡ್ಯೂಟಿ ಇದ್ದುದರಿಂದ ಆಟವಿರಲಿಲ್ಲ.

ಅದೇ ವಾರ ಕಚೇರಿಯಿಂದ ಆದೇಶ ಬಂತು. ಕಾಲ ಮೀರಿದ ಕೈಪಿಡಿಗಳನ್ನು ಪಟ್ಟಿ ಮಾಡಿ ವಿಲೇವಾರಿಗೆ ಕೊಡಬೇಕು, ಲಾರಿ ಬರುತ್ತದೆ. ನಾನು ಕಪಾಟು ನೋಡಲಿಲ್ಲ. ರಿಜಿಸ್ಟರ್ ಮುಂದಿಟ್ಟುಕೊಂಡು ಹಳೆಯ ಕೃಷಿ ಕೈಪಿಡಿಗಳ ಸಂಖ್ಯೆಗಳನ್ನು ಸಾಲಾಗಿ ಇಳಿಸಿದೆ. ೪೧೨೭ ಕೂಡ ಇಳಿಯಿತು. ಬರೆಯುವಾಗ ಕೈ ತಡೆಯಲಿಲ್ಲ. ನನ್ನ ಮಟ್ಟಿಗೆ ಅದು ಒಂದು ಸಂಖ್ಯೆಯಾಗಿತ್ತು. ಲಾರಿಯವರು ಪಟ್ಟಿ ಹಿಡಿದು ತೆಗೆದುಕೊಳ್ಳುತ್ತ ಹೋದರು, ನಾನು ಸಹಿ ಹಾಕಿದೆ.

ಭಾನುವಾರ ಮೂರು ಗಂಟೆಗೆ ಟೀಚರ್ ಬಂದು, "ಅಣ್ಣಾ, ಪುಸ್ತಕ ಕೊಡ್ರಿ. ಇವತ್ತು ಏಳನೇ ಬಾಗಿಲು ತೆಗೆಯಾಣ" ಎಂದರು. ಕೃಷಿ ಕಪಾಟಿಗೆ ಹೋದೆ. ಖಾಲಿ ಜಾಗ ಕಂಡಿತು. ಅಲ್ಲಿ ನಿಂತಾಗಲೇ ಎಲ್ಲ ತಿಳಿಯಿತು. ತಿರುಗಿ ಅವರ ಕಡೆ ನಡೆದು ಬರುವಷ್ಟರಲ್ಲಿ, ಹತ್ತು ಹೆಜ್ಜೆ ಇರಬಹುದು, ನನ್ನ ಬಾಯಲ್ಲಿ ಸುಳ್ಳು ಸಿದ್ಧವಾಗಿತ್ತು.

"ಹೋದ ಸಲ ನೀವೇ ಒಯ್ದ್ರಲ್ಲ ಟೀಚರ್, ಮನೇಲಿ ಬರೀತೀನಿ ಅಂತ."

"ನಾನಾ? ಇಲ್ಲ ಅಣ್ಣಾ... ಒಯ್ದ್ನಾ?"

"ಬ್ಯಾಗಿಗೆ ಹಾಕ್ಕಂಡ್ರಿ. ನಾನೇ ನೋಡಿದೀನಿ."

ಅವರು ಕುರ್ಚಿಯ ಮೇಲೆ ಕುಳಿತರು. ಹೋದ ಸಲ ಎರಡು ಚೀಲ ಹಿಡಿದು ಬಸ್ಸು ಹತ್ತಿದ್ದು, ನಿಂತುಕೊಂಡೇ ಹೋದದ್ದು, ಒಂದೊಂದನ್ನೇ ನೆನಪಿಸಿಕೊಳ್ಳಲು ನೋಡಿದರು. ನಿಂಗರಾಜನಿಗೆ ಅನುಮಾನ ಬಂತು. "ಅಣ್ಣಾ, ನೀನೇ ಎಲ್ಲಾದ್ರೂ ಇಟ್ಟು ಮರ್ತಿದೀಯ ನೋಡು" ಎಂದ. ನಾನು ದನಿ ಏರಿಸಿದೆ. ರಿಜಿಸ್ಟರಿನಲ್ಲಿಲ್ಲದ ಪುಸ್ತಕಕ್ಕೆ ನಾನು ಜವಾಬ್ದಾರನಲ್ಲ, ಇದು ವಾಚನಾಲಯ, ಆಟದ ಮನೆಯಲ್ಲ ಎಂದೆ. "ಹೌದಾ ಅಣ್ಣಾ?" ಎಂದಷ್ಟೇ ಟೀಚರ್ ಕೇಳಿದರು.

ಮರುದಿನ ವಿಲೇವಾರಿ ಮಾಡುವವರ ಗೋದಾಮಿಗೆ ಹೋಗಿ ವಿಚಾರಿಸಿದೆ. ಸರಕು ಕಾಗದದ ಮಿಲ್ಲಿಗೆ ಹೋಗಿಯಾಗಿತ್ತು.

ಟೀಚರ್ ಬಸ್ ಡಿಪೋದಲ್ಲಿ ಕೇಳಿದರಂತೆ. ಬಸ್ ಸ್ಟ್ಯಾಂಡಿನ ಗೋಡೆಗೆ ಚೀಟಿ ಬರೆದು ಹಚ್ಚಿದರಂತೆ. ಮತ್ತೆ ಒಂದೆರಡು ಭಾನುವಾರ ಮೂವರೂ ಬಂದು ಸುಮ್ಮನೆ ಕುಳಿತು ಎದ್ದುಹೋದರು. ಆಮೇಲೆ ಬರಲಿಲ್ಲ. ಮೂರು ಗಂಟೆಯ ನಂತರ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಇನ್ನೂ ನಾಲ್ಕು ವರ್ಷ ಆ ಸದ್ದು ಕೇಳಿಕೊಂಡು ಕೆಲಸ ಮಾಡಿ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಒಂದೂ ಪುಸ್ತಕ ಕಳೆಯದವನು ಎಂದು ಹೊಗಳಿದರು.

ಈಗ ಹೊಸದುರ್ಗದಲ್ಲಿ ಇದ್ದೇನೆ. ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ನಿಂಗರಾಜ ಸಿಕ್ಕಿದ. ಹಳೆಯ ಸಿಟ್ಟು ಇರಲಿಲ್ಲ. ಬಾಷಾ ಸಾಹೇಬರು ಅಂಗಡಿ ಮುಚ್ಚಿ ಮಗಳ ಊರಿಗೆ ಹೋದ ಸುದ್ದಿ ಹೇಳಿದ. ಆಮೇಲೆ, "ಅಣ್ಣಾ, ಇದನ್ನ ನೋಡಿದೀಯಾ? ಟೀಚರ್ ಬುಕ್ಕಿಂದು. ಆವಾಗ ನಗು ಬಂತು ಅಂತ ಫೋಟೋ ಹೊಡ್ಕಂಡಿದ್ದೆ. ಇದೊಂದೇ ಪುಟ ಉಳಿದಿರೋದು" ಎಂದು ಫೋನು ಚಾಚಿದ.

ಕನ್ನಡಕ ಹಾಕಿಕೊಂಡು ಓದಿದೆ. ಮಹಾಗ್ರಂಥಾಲಯದಲ್ಲಿರುವ ಜನರ ಪುಟ ಅದು. ಮೇಲೆ "ಕಾವಲುಗಾರ ರುದ್ರ" ಎಂದಿತ್ತು. ಕೆಳಗೆ ಅವರ ದುಂಡು ಅಕ್ಷರ: "ಇವನಿಗೆ ಮಂತ್ರ ಬಾರದು, ಕತ್ತಿ ಹಿಡಿಯಲಾರ. ಕಡಿಮೆ ಮಾತು. ಆಟಗಾರರು ಏನು ಕೇಳಿದರೂ ಗೊತ್ತಿದ್ದರೆ ಇದ್ದದ್ದು ಹೇಳುತ್ತಾನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾನೆ. ಬೇರೆಯವರ ಮಾತು ನಿಜವೋ ಸುಳ್ಳೋ ತಿಳಿಯಲು ಬೀಜ ತೆಗೆಯಬೇಕು. ಇವನ ಮಾತಿಗೆ ತೆಗೆಯಬೇಕಾಗಿಲ್ಲ."

ನಾಲ್ಕು ವರ್ಷ ನನ್ನ ಬೆನ್ನ ಹಿಂದೆಯೇ ಇದ್ದ ಪುಸ್ತಕ. ಒಂದು ದಿನವೂ ನಾನು ಅದನ್ನು ಕೂತು ಓದಿರಲಿಲ್ಲ. ಗುಟ್ಟಿನ ಪುಟ ಹುಡುಕಲು ಮಾತ್ರ ತೆರೆದಿದ್ದೆ.

ಆ ವಾರವೇ ಆದಿವಾಲಕ್ಕೆ ಹೋದೆ. ಮಧ್ಯಾಹ್ನ, ಮಕ್ಕಳು ಮನೆಗೆ ಹೋಗಿದ್ದರು. ಟೀಚರ್ ಅಂಗನವಾಡಿಗೆ ಬೀಗ ಹಾಕುತ್ತಿದ್ದರು. "ಅಯ್ಯೋ ಅಣ್ಣಾ, ಬರ್ರಿ ಬರ್ರಿ" ಎಂದು ಪಕ್ಕದ ತಮ್ಮ ಮನೆಗೆ ಕರೆದೊಯ್ದು ಚಹಾಕ್ಕೆ ಇಟ್ಟರು. ಎರಡು ನಿಮಿಷಕ್ಕೆ, "ಬೀಗ ಹಾಕಿದ್ನಾ?" ಎಂದು ಹೋಗಿ ನೋಡಿ ಬಂದರು. ಚಹಾ ಸೋಸುವಾಗ ನಿಲ್ಲಿಸಿ ಮತ್ತೊಮ್ಮೆ ಹೋಗಿ ಬಂದರು. ಎಡ ಅಂಗೈ ತುಂಬ ಪೆನ್ನಿನಲ್ಲಿ ಬರೆದುಕೊಂಡಿದ್ದರು, ಹಾಲು, ರಿಜಿಸ್ಟರ್, ಗ್ಯಾಸ್ ಎಂದು.

"ಆಟ ಈಗ?" ಎಂದೆ.

"ಎಲ್ಲಿ ಅಣ್ಣಾ. ಮತ್ತೆ ಬರೆಯಾಣ ಅಂತ ಎರಡು ಸಲ ಕುಂತೆ. ಸರಿಯಾಗಿ ನೆನಪಾಗಿದ್ಯೋ, ನಾನೇ ಈಗ ಕಟ್ತಿದೀನೋ ತಿಳಿಯಲ್ಲ. ಅಂಥ ಪುಸ್ತಕ ಬ್ಯಾಗಿಗೆ ಹಾಕ್ಕಂಡಿದ್ದೇ ನೆನಪಿಲ್ಲ ಅಂದ್ರೆ ನನ್ನ ತಲೆ ಹೆಂಗೆ ನಂಬ್ಲಿ? ಆವತ್ತಿಂದ ಒಂದೊಂದನ್ನೂ ಎರಡೆರಡು ಸಲ ನೋಡ್ತೀನಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಲೋಟ ಕೆಳಗಿಟ್ಟು, "ಅಣ್ಣಾ, ಬಹಳ ದಿನದಿಂದ ಒಂದು ಮಾತು ಹೇಳಬೇಕು ಅಂತಿತ್ತು. ಆವತ್ತು ನಿಮ್ಮ ಮೇಲೆ ಒಳಗೊಳಗೇ ಅನುಮಾನ ಪಟ್ಟೆ. ನಿಂಗರಾಜನ ಹತ್ರ ಆಡಿದೆ ಕೂಡ. ನಿಮ್ಮಂಥೋರ ಮೇಲೆ ಹಂಗೆ ಅಂದ್ಕಬಾರದಿತ್ತು. ತಪ್ಪಾಯ್ತು" ಎಂದು ಕೈ ಜೋಡಿಸಿದರು.

ನಾನು ಹೇಳಿದ್ದು ಇಷ್ಟು: "ಇರ್ಲಿ ಬಿಡ್ರಿ ಟೀಚರ್. ಆಗಿದ್ದು ಆಗೈತೆ."

ಚಹಾ ಕುಡಿದೆ. ಅವರು ಬಸ್ಸಿನ ತನಕ ಬಂದು ಕಳಿಸಿಕೊಟ್ಟರು. ಕಿಟಕಿಯ ಪಕ್ಕ ಕುಳಿತಾಗ ಕೆಳಗಿನಿಂದ, "ಕೊಡೆ ತಗಂಡ್ರಾ ಅಣ್ಣಾ?" ಎಂದು ಕೇಳಿದರು. ನಾನು ಕೊಡೆ ತಂದೇ ಇರಲಿಲ್ಲ. ಇಲ್ಲ ಎಂದರೂ ನಂಬದೆ, ಮನೆಯಲ್ಲಿ ಬಿಟ್ಟಿರಬಹುದೆಂದು ನೋಡಿಬರಲು ತಿರುಗಿ ಓಡಿದರು. ಬಸ್ಸು ಹೊರಟಿತು.

ಹೊಸದಾಗಿ ಕೆಲಸಕ್ಕೆ ಬಂದವರೇ, ಪುಸ್ತಕ ಕಳೆದರೆ ಕಳೆಯಿತು ಎಂದು ಬರೆಯಿರಿ. ನೋಟಿಸು ಬಂದರೆ ತೆಗೆದುಕೊಳ್ಳಿ. ಇದಕ್ಕಿಂತ ದೊಡ್ಡ ಬುದ್ಧಿವಾದ ನನ್ನ ಹತ್ತಿರ ಇಲ್ಲ. ಒಂದು ಕೆಲಸ ಮಾತ್ರ ಮಾಡಿಕೊಡಿ. ಎದುರು ಕುಳಿತು ಹೇಳಲು ನನ್ನಿಂದ ಆಗಲಿಲ್ಲ, ಇನ್ನು ಆಗುತ್ತದೆಂದೂ ತೋರುವುದಿಲ್ಲ. ನಿಮ್ಮಲ್ಲಿ ಒಬ್ಬರು ಆದಿವಾಲಕ್ಕೆ ಹೋಗಿ ಇದನ್ನು ಅವರ ಮುಂದೆ ಓದಿರಿ. ಅವರು ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಿರಲಿಲ್ಲ, ಬಸ್ಸಿನಲ್ಲಿ ಬಿಟ್ಟಿರಲಿಲ್ಲ. ಅವರ ನೆನಪು ಆ ದಿನವೂ ಸರಿಯಾಗಿತ್ತು, ಅದಾದ ಮೇಲಿನ ಪ್ರತಿ ದಿನವೂ ಸರಿಯಾಗಿದೆ.

ಇಲ್ಲಿಯ ತನಕ ಟೀಚರ್ ಎಂದೇ ಬರೆದುಕೊಂಡು ಬಂದೆ. ಮಹಾಗ್ರಂಥಾಲಯವನ್ನು ಬರೆದವರ ಹೆಸರು ಕರಿಯಮ್ಮ.